ದೀಪದ ಗೂಡಿನ ಉಬ್ಬು

ಪಾನ್ ಲುದ್ವಿಕ್‌ನ ಹೆಸರಿನ ಹಬ್ಬಕ್ಕೆಂದು ಬ್ರೋಂಕಾ ಗಸಗಸೆಯ ಸುರುಳಿ ರೊಟ್ಟಿ ಮಾಡಲು ಕೂತಿದ್ದಳು. ಕೂತಿದ್ದಳು ಎನ್ನುವುದು ಬರೀ ಮಾತಿಗೆ. ಹಿಟ್ಟನ್ನು ನಾದಿ ಮುಚ್ಚಿಟ್ಟವಳು ಅದು ಉಬ್ಬುವ ಮೊದಲೇ ಬಟ್ಟೆ ತೆಗೆದು ನೋಡಿದಳು. ಕಿಟಕಿಗೆ ಹೋಗಿ ಬಂದಳು. ರುಬ್ಬಿಟ್ಟ ಗಸಗಸೆಗೆ ಜೇನು ಹಾಕಿದ್ದೆನೋ ಇಲ್ಲವೋ ಎಂದು ನೆಕ್ಕಿ ನೋಡಿ ಮತ್ತೆ ಕಿಟಕಿಗೆ ಹೋದಳು. ಎದುರುಮನೆಯ ಅಂಗಳದಲ್ಲಿ ಒಂದು ಬಾತುಕೋಳಿಯನ್ನು ಬುಟ್ಟಿಗೆ ತುಂಬುತ್ತಿದ್ದರು. ಅದೂ ಪಾನ್ ಲುದ್ವಿಕ್‌ನ ಮನೆಗೇ ಹೋಗುವಂಥದ್ದು.

ಕಡಲಾಚೆಯಿಂದ ಬಂದು ನೆಲೆಸಿದವರ ಕಾರ್ಖಾನೆ ಊರಾದ ಹ್ಯಾಮ್‌ಟ್ರಾಮಿಕ್‌ನ ಆ ಬೀದಿಯಲ್ಲಿ ಬಡಗಿಗಳ ಮನೆಗಳೇ ಹೆಚ್ಚು. ಕಾರು ಕಾರ್ಖಾನೆಯಲ್ಲಿ ಕಬ್ಬಿಣದ ಕೆಲಸವಷ್ಟೇ ಇರುತ್ತದೆ ಎಂದುಕೊಳ್ಳುವವರು ಬೇರೆ ಊರಿನವರು. ಕಾರಿನ ಮೈಯ ಪ್ರತಿ ತಿರುವನ್ನೂ ಮೊದಲು ಮಹಾಗನಿ ಮರದಲ್ಲಿ ಕೆತ್ತಬೇಕು. ಆ ಮರವನ್ನು ನೋಡಿಕೊಂಡು ಉಕ್ಕಿನ ಅಚ್ಚು, ಆ ಅಚ್ಚಿನಿಂದ ಸಾವಿರ ಸಾವಿರ ತಗಡು. ಎಲ್ಲರೂ ಪಾನ್, ಅಂದರೆ ಯಜಮಾನರೇ, ಎಂದು ಗೌರವದಿಂದ ಕರೆಯುವ ಲುದ್ವಿಕ್ ಲೆಷ್ನಿಯಾಕ್ ಈ ಮರಗೆಲಸದ ವಿಭಾಗಕ್ಕೆ ಮೇಸ್ತ್ರಿ. ಅವನ ಹೆಸರಿನ ಸಂತನ ದಿನ ಆಗಸ್ಟ್ ಕೊನೆಗೆ ಬರುತ್ತದೆ. ಅದಾದ ಮೇಲೆ ಹಳೆಯ ಮಾದರಿಯ ಕಾರು ನಿಲ್ಲಿಸಿ ಹೊಸದಕ್ಕೆ ಕೈಹಾಕುವ ಕಾಲ. ಆಗ ಎಲ್ಲರೂ ತಂತಮ್ಮ ಉಳಿ, ಕೀಸುಳಿಗಳ ಪೆಟ್ಟಿಗೆಯನ್ನು ಹೊತ್ತು ಮನೆಗೆ ಬರುತ್ತಾರೆ. ಬಾಗಿಲು ಮತ್ತೆ ತೆರೆದಾಗ ಪೆಟ್ಟಿಗೆ ಹೊತ್ತು ಹೋಗುತ್ತಾರೆ. ಒಳಗೆ ಕರೆಸಿಕೊಂಡವನು ಉಳಿದ. ಕರೆಸಿಕೊಳ್ಳದವನು ಪೆಟ್ಟಿಗೆ ಹೊತ್ತು ಅದೇ ಬೀದಿಯಲ್ಲಿ ಎಲ್ಲ ಕಿಟಕಿಗಳೆದುರು ವಾಪಸು ನಡೆಯಬೇಕು. ಬಾತುಕೋಳಿಗೂ ಈ ನಡಿಗೆಗೂ ಸಂಬಂಧವಿದೆಯೆಂದು ಬೀದಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆದರೆ ಬಾತುಕೋಳಿಯಿಂದಷ್ಟೇ ಲುದ್ವಿಕ್‌ನ ಹತ್ತಿರ ಕೆಲಸ ಆಗುತ್ತಿರಲಿಲ್ಲ. ಅವನು ಪ್ರತಿಯೊಬ್ಬ ಬಡಗಿಯ ಅಂಗೈಯನ್ನೂ ಪರೀಕ್ಷಿಸುತ್ತಿದ್ದ. ನುಣುಪಾಗಿ ಕೀಸಿದ ಹಲಗೆಯ ಮೇಲೆ ಎಲ್ಲೋ ಒಂದು ಕಡೆ ಸಿಗರೇಟು ಸುತ್ತುವ ತೆಳು ಕಾಗದದ ಚೂರು ಅಂಟಿಸಿ, ಮೇಲೆ ಬಟ್ಟೆ ಹೊದಿಸಿ, ಕೈಯಾಡಿಸು ಅನ್ನುತ್ತಿದ್ದ. ಬರಿಗೈ ಮರದ ಎಳೆಗೆ ಸಿಕ್ಕಿ ಮೋಸ ಹೋಗುತ್ತದೆ. ನಡುವೆ ತೆಳು ಬಟ್ಟೆ ಇದ್ದರೆ ಅಂಗೈ ಜಾರುತ್ತದೆ, ಉಬ್ಬು ತಗ್ಗು ಬಿಟ್ಟು ಬೇರೇನೂ ಅದಕ್ಕೆ ತಿಳಿಯುವುದಿಲ್ಲ. ಕಾಗದ ಇರುವಲ್ಲಿ ಕೈ ನಿಂತರೆ ಅವನು ಬಡಗಿ.

ಬ್ರೋಂಕಾಳ ಗಂಡ ಝೆನೋನ್‌ನ ಕೈ ಹೋದ ವರ್ಷ ಅದೃಷ್ಟಕ್ಕೆ ನಿಂತಿತ್ತು, ಇನ್ನು ನಿಲ್ಲುವಂತಿರಲಿಲ್ಲ.

ಎರಡು ವರ್ಷದ ಹಿಂದೆ ಕೆಲಸವಿಲ್ಲದ ಚಳಿಗಾಲದಲ್ಲಿ ಅವನು ಊರಾಡಳಿತದ ಕೂಲಿಗೆ ಬೀದಿಯ ಹಿಮ ಎತ್ತಿದ್ದ. ಕೈಗವಸು ಹರಿದಿತ್ತು, ಹರಿದಿದೆಯೆಂದು ಮನೆಯಲ್ಲಿ ಹೇಳಲಿಲ್ಲ. ಬೆರಳುಗಳು ಮೊದಲು ಬೆಳ್ಳಗಾಗಿ, ಆಮೇಲೆ ಕಪ್ಪಾಗಿ, ಕೊನೆಗೆ ಚರ್ಮ ಸುಲಿದು ಮತ್ತೆ ಬೆರಳುಗಳೇ ಆದವು. ನೋಡಲು ಏನೂ ವ್ಯತ್ಯಾಸವಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅವನು ಕುದಿಯುವ ನೀರಿನಿಂದ ಆಗಷ್ಟೇ ತೆಗೆದ ಆಲೂಗಡ್ಡೆಯನ್ನು ಕೈಯಲ್ಲೇ ಹಿಡಿದುಕೊಂಡು ಬೇರೇನೋ ಮಾತಾಡುತ್ತಿದ್ದುದನ್ನು ಬ್ರೋಂಕಾ ನೋಡಿದಳು. ಅವನೂ ಅವಳು ನೋಡಿದ್ದನ್ನು ನೋಡಿದ. ಆಲೂಗಡ್ಡೆಯನ್ನು ಮೆಲ್ಲಗೆ ತಟ್ಟೆಗಿಟ್ಟ.

ಆಮೇಲಿನಿಂದ ಅವನು ಕೆತ್ತುವ ಮರ ಕಾರ್ಖಾನೆಯಿಂದ ಮನೆಗೆ ಬರತೊಡಗಿತು. ಶನಿವಾರ ಕೋಟಿನೊಳಗೆ ಅಡಗಿ ಬಂದದ್ದು ಸೋಮವಾರ ಕೋಟಿನೊಳಗೇ ವಾಪಸು ಹೋಗುತ್ತಿತ್ತು. ಭಾನುವಾರ ಮಧ್ಯಾಹ್ನ ಜೊತೆಗೇ ಇದ್ದ ಗಂಡನ ಅಕ್ಕ ರೋಜಾಲಿಯಾ ಪ್ರಾರ್ಥನೆಗೆಂದು ಚರ್ಚಿಗೆ ಹೋದ ಕೂಡಲೇ ಅಡುಗೆಮನೆಯ ಮೇಜಿನ ಮೇಲೆ ಅದನ್ನಿಟ್ಟು, ಬ್ರೋಂಕಾ ಹಿಟ್ಟಿನ ಚೀಲದ ಹಳೆಯ ಬಟ್ಟೆ ಹಾಸಿ, ಕಣ್ಣು ಮುಚ್ಚಿ ಅಂಗೈ ಓಡಿಸುತ್ತಿದ್ದಳು. ಇಲ್ಲಿ, ಅನ್ನುವಳು. ಅವನು ಸೀಮೆಸುಣ್ಣದ ಗುರುತು ಹಾಕಿ ಕೀಸುವನು. ಮತ್ತೆ ಬಟ್ಟೆ, ಮತ್ತೆ ಕೈ.

ಮದುವೆಗೆ ಮುಂಚಿನಿಂದಲೂ ಅವಳು ಅದೇ ಕಾರ್ಖಾನೆಯಲ್ಲಿ ಸೀಟು ಹೊಲಿಯುತ್ತಿದ್ದಳು. ಕೆಟ್ಟ ಕಾಲ ಬಂದಾಗ, ಗಂಡನಿಗೆ ಕೆಲಸವಿರುವ ಹೆಂಗಸರು ಮನೆಗೆ ಹೋಗಿ ಅಂದರು. ಹೋದಳು. ಅಂದಿನಿಂದ ಅವಳ ಕೈಗಳು ಮನೆಯಲ್ಲಿ ಏನು ಮಾಡಿದರೂ ಅದು ಸಂಜೆಯೊಳಗೆ ತಿಂದು, ಒಗೆದು, ಕೊಳೆಯಾಗಿ ಮುಗಿದುಹೋಗುತ್ತಿತ್ತು. ಈ ಮರ ಮಾತ್ರ ಹಾಗಲ್ಲ. ಅಂಗೈ ಕೆಳಗೆ ಒಂದು ತಿರುವು ತೆರೆದುಕೊಂಡು, ನಿಧಾನವಾಗಿ ಬಾಗಿ, ತಾನೇ ಮುಚ್ಚಿಕೊಳ್ಳುವಾಗ ಅವಳ ಎದೆಯಲ್ಲಿ ಸದಾ ಎದ್ದು ಓಡಾಡುವುದೇನೋ ಸ್ವಲ್ಪ ಹೊತ್ತು ಕೂತುಕೊಳ್ಳುತ್ತಿತ್ತು.

ಬಂದ ಮರಗಳಲ್ಲಿ ಹೆಚ್ಚಿನವು ಹೊಸ ಕಾರಿನ ದೀಪದ ಗೂಡುಗಳು. ಅಲ್ಲಿಯವರೆಗೆ ಕಾರಿನ ದೀಪಗಳು ಕಂಬದ ಮೇಲಿಟ್ಟ ಲಾಟೀನಿನ ಹಾಗೆ ಹೊರಗೆ ನಿಂತಿರುತ್ತಿದ್ದವು. ಇದರಲ್ಲಿ ಅವು ಕೆನ್ನೆಯೊಳಗೆ ಹುದುಗಿದ ಕಣ್ಣು. ಹೇಳಬಾರದ್ದನ್ನೆಲ್ಲ ಝೆನೋನ್ ಕೀಸುತ್ತ ಕೀಸುತ್ತ ಹೇಳುತ್ತಿದ್ದ. ಎಂಜಿನಿಯರುಗಳು ಗೊಂಬೆಯಷ್ಟು ದೊಡ್ಡ ಮರದ ಕಾರುಗಳ ಮೇಲೆ ಕೊಳವೆಯಲ್ಲಿ ಗಾಳಿ ಬಿಟ್ಟು ನೋಡಿದರಂತೆ. ಇದುವರೆಗಿನ ಕಾರುಗಳೆಲ್ಲ ಮುಂದಕ್ಕೆ ಹೋಗುವುದಕ್ಕಿಂತ ಹಿಂದಕ್ಕೆ ಹೋಗುವಾಗಲೇ ಗಾಳಿಯನ್ನು ಸಲೀಸಾಗಿ ಸೀಳುತ್ತವೆಂದು ತಿಳಿಯಿತಂತೆ. ನಂಬಿಸುವುದಕ್ಕಾಗಿ ಒಂದು ಹಳೆಯ ಕಾರಿನ ಮೈಯನ್ನು ತಿರುಗಿಸಿ ಕೂರಿಸಿ ಊರಲ್ಲೇ ಓಡಿಸಿದರಂತೆ. ಅದನ್ನು ಬ್ರೋಂಕಾ ಕಣ್ಣಾರೆ ಕಂಡಿದ್ದಳು. ಎಲೆಕೋಸು ಕೊಳ್ಳುತ್ತ ನಿಂತಿದ್ದಾಗ ಒಂದು ಕಾರು ಹಿಂದುಮುಂದಾಗಿ ಪೂರಾ ವೇಗದಲ್ಲಿ ಹೋಗಿತ್ತು. ಅಂಗಡಿಯವಳು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಿದ್ದಳು. ಬ್ರೋಂಕಾಗೆ ಮಾತ್ರ ನಗು ಬಂದಿತ್ತು. ಎಲ್ಲರೂ ಇಷ್ಟು ದಿನ ಬೆನ್ನು ಮುಂದೆ ಮಾಡಿಕೊಂಡು ನಡೆದೆವು ಎಂದು ಯಾರೋ ಒಬ್ಬರಾದರೂ ಕಂಡುಕೊಂಡರಲ್ಲ ಅನ್ನಿಸಿತ್ತು.

ಎಡಗಡೆಯ ದೀಪದ ಗೂಡು ಕೊನೆಯ ಸಲ ಮನೆಗೆ ಬಂದಾಗ ಕೆಳ ಅಂಚಿನಲ್ಲಿ ಅವಳ ಕೈ ನಿಂತಿತು.

"ಇಲ್ಲೊಂದು ಉಬ್ಬಿದೆ. ಗಸಗಸೆ ಕಾಳಿನಷ್ಟು."

ಝೆನೋನ್ ತನ್ನ ಅಂಗೈ ಆಡಿಸಿ ಇಲ್ಲ ಅಂದ. ಅವಳು ಇನ್ನೊಮ್ಮೆ ನೋಡಿ ಇದೆ ಅಂದಳು. ನಾಳೆ ಬೆಳಿಗ್ಗೆ ಅದು ಅಚ್ಚಿನವರ ಕೈಗೆ ಹೋಗಬೇಕಿತ್ತು. ಇಡೀ ಚಳಿಗಾಲ ಹೆಂಡತಿಯ ಬೆರಳು ತೋರಿಸಿದಲ್ಲಿ ಕೀಸಿದ್ದ ಅವನಿಗೆ ಆ ಸಂಜೆ ಏನಾಯಿತೋ.

"ಬಡಗಿ ಯಾರು ಇಲ್ಲಿ?" ಅಂದ.

ಅವಳು ಬಟ್ಟೆ ಮಡಚಿಟ್ಟಳು.

ಕಾರು ಹೊರಬಂತು. ಕಂಪನಿ ಅದಕ್ಕೆ ವಿಂಡ್‌ಸ್ಟ್ರೀಮ್ ಎಂದು ಹೆಸರಿಟ್ಟರೆ ಬೀದಿ ಬೋಳಣ್ಣ ಎಂದು ಹೆಸರಿಟ್ಟಿತು. ಪ್ರದರ್ಶನದಲ್ಲಿ ಅದನ್ನು ನೋಡಲು ಜನ ಮುಗಿಬಿದ್ದರು. ನೋಡಿ ಮನೆಗೆ ಹೋಗಿ, ಎಂದಿನಂಥ ಕಾರನ್ನೇ ಕೊಂಡರು. ಮುಂದಕ್ಕೆ ಚಾಚಿದ ಚೂಪು ಮೂಗಿಲ್ಲ, ಬೇಯಿಸಿದ ಮೊಟ್ಟೆಯ ಹಾಗಿದೆ, ಕಪ್ಪೆಯ ಹಾಗಿದೆ ಅಂದರು. ರೋಜಾಲಿಯಾ ಮಾಂಸದಂಗಡಿಯಲ್ಲಿ ಕೇಳಿದ್ದನ್ನೆಲ್ಲ ತಂದು ಊಟದ ಮೇಜಿಗೆ ಸುರಿಯುತ್ತಿದ್ದಳು. "ಮುಂದೆ ಬರ್ತಿದೆಯೋ ಹಿಂದೆ ಹೋಗ್ತಿದೆಯೋ ಅಂತಾನೇ ಗೊತ್ತಾಗಲ್ವಂತೆ ಕಣೋ ಝೆನೋನ್. ಎದುರು ಸಿಕ್ಕಿದ್ರೆ ಮಗೂಗೆ ಒರೆಸಿದ ಹಾಗೆ ಬಾಯಿ ಒರೆಸ್ಬೇಕು ಅನ್ಸುತ್ತಂತೆ." ಹಳೆಯ ಕಾರಿನಲ್ಲಿ ಹಿಂದೆ ಕೂತವರು ಚಕ್ರದ ಅಚ್ಚಿನ ಮೇಲೇ ಕೂತು ಕುಲುಕಾಡಿಕೊಂಡು ಹೋಗುತ್ತಿದ್ದರು, ಇದರಲ್ಲಿ ಎರಡು ಅಚ್ಚಿನ ನಡುವೆ ತೊಟ್ಟಿಲಲ್ಲಿ ಕೂತ ಹಾಗೆ ಕೂರುತ್ತಾರೆ, ಇನ್ನು ಐದು ವರ್ಷಕ್ಕೆ ಎಲ್ಲರೂ ಇದನ್ನೇ ನಕಲು ಮಾಡುತ್ತಾರೆ ನೋಡು ಎಂದು ಝೆನೋನ್ ವಾದಿಸುತ್ತಿದ್ದ. ಬ್ರೋಂಕಾ ತಟ್ಟೆಗಳನ್ನು ಎತ್ತತೊಡಗುತ್ತಿದ್ದಳು. ಯಾರೋ ತಾನು ಹೆತ್ತದ್ದನ್ನು ಕುರೂಪ ಅಂದ ಹಾಗೆ ಕಿವಿ ಬಿಸಿಯಾಗುತ್ತಿತ್ತು. ಹೆತ್ತದ್ದೆಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಇಡೀ ಕಾರನ್ನು ಅವಳು ಒಮ್ಮೆಯೂ ಮುಟ್ಟಿರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಮುಂದಿನ ವರ್ಷದ ಕಾರಿಗೆ ಆ ಬೋಳು ಮುಖದ ಮೇಲೆ ಒಂದು ಚೂಪು ಮೂಗು ಕೂರಿಸುತ್ತಾರೆ. ಅದನ್ನು ಕೆತ್ತುವವರು ಲುದ್ವಿಕ್‌ನ ಬಡಗಿಗಳೇ. ಕೆತ್ತಲು ಯಾರು ಯಾರು ಉಳಿಯುತ್ತಾರೆ ಎನ್ನುವುದು ಹಲಗೆಯ ಪರೀಕ್ಷೆಯ ಮೇಲೆ.

ಬ್ರೋಂಕಾ ಮನೆಯಲ್ಲೇ ಹಲಗೆ ಇಟ್ಟು, ಕಾಗದ ಅಂಟಿಸಿ, ಗಂಡನಿಗೆ ಅಭ್ಯಾಸ ಮಾಡಿಸಲು ನೋಡಿದಳು. ಅವನ ಕೈ ಕಾಗದದ ಮೇಲೆ ಹೋಗಿ, ಬಂದು, ಮತ್ತೆ ಹೋಗಿ, ಬೇರೆಲ್ಲೋ ನಿಲ್ಲುತ್ತಿತ್ತು. ಕಡೆಗೆ ಅವಳೇ ಒಂದು ಉಪಾಯ ಹೇಳಿದಳು. ಪರೀಕ್ಷೆಯ ದಿನ ಊಟದ ಬುತ್ತಿ ಕೊಡುವ ನೆಪದಲ್ಲಿ ತಾನು ಬಾಗಿಲಿಗೆ ಬರುತ್ತೇನೆ, ಹಲಗೆ ಬಾಗಿಲ ಪಕ್ಕದಲ್ಲೇ ಇರುತ್ತದೆ, ಬೆಳಕು ಬಿದ್ದರೆ ಕಾಗದ ಇರುವಲ್ಲಿ ಬಟ್ಟೆ ಎದ್ದಿರುವುದು ಕಾಣುತ್ತದೆ, ನಿನ್ನ ಕೈ ಅಲ್ಲಿಗೆ ಬಂದಾಗ ಕೆಮ್ಮುತ್ತೇನೆ.

ಝೆನೋನ್ ಬೇಡ ಅಂತಷ್ಟೇ ಹೇಳಿ ಹಿತ್ತಲಿಗೆ ಹೋದ.

ಹಬ್ಬದ ಭಾನುವಾರ ಲುದ್ವಿಕ್‌ನ ಅಂಗಳದ ತುಂಬ ಜನ. ಗಸಗಸೆ ಸುರುಳಿ, ಬಾತುಕೋಳಿ, ಹೊಗೆಯಲ್ಲಿ ಒಣಗಿಸಿದ ಸಾಸೇಜಿನ ಸರಗಳು ಎಲ್ಲ ಅಡುಗೆಮನೆಯೊಳಗೆ ಹೋಗಿ ಮಾಯವಾದವು. ವೋಡ್ಕಾ ಹೊರಗೆ ಬಂತು. ಹೆಂಗಸರು ಒಂದು ಕಡೆ ಬೆಂಚುಗಳ ಮೇಲೆ ಸಾಲಾಗಿ ಕೂತು ತಟ್ಟೆ ತೊಡೆಯ ಮೇಲಿಟ್ಟುಕೊಂಡರು. ಬ್ರೋಂಕಾಗೆ ಕೂರಲಾಗಲಿಲ್ಲ. ಖಾಲಿ ತಟ್ಟೆ ಎತ್ತುವ ನೆಪದಲ್ಲಿ ಓಡಾಡುತ್ತಿದ್ದಳು. ನಿನ್ನ ಮನೆಯೇನೇ ಇದು, ಕೂತ್ಕೋ, ಎಂದು ರೋಜಾಲಿಯಾ ಗದರಿದಳು.

ಆಗಲೇ ಡಾಕ್ಟರ್ ಮ್ರೋಚೆಕ್ ಬಂದದ್ದು. ಆ ಚರ್ಚಿಗೆ ನಡೆದುಕೊಳ್ಳುವ ಇಡೀ ಪ್ಯಾರಿಷ್‌ನಲ್ಲಿ ಬೋಳಣ್ಣನನ್ನು ಕೊಂಡಿದ್ದವರು ಅವರೊಬ್ಬರೇ. ಕಡುನೀಲಿ ಬಣ್ಣದ ಕಾರು ಸದ್ದಿಲ್ಲದೆ ಬಂದು ಬೇಲಿಯ ಪಕ್ಕ ನಿಂತಿತು. ಗಂಡಸರೆಲ್ಲ ಲೋಟ ಹಿಡಿದುಕೊಂಡೇ ಸುತ್ತ ನೆರೆದರು. ಇದಕ್ಕೆ ಟೋಪಿ ಹಾಕಿಸಿ ಡಾಕ್ಟರೇ, ನೆಗಡಿಯಾಗತ್ತೆ, ಎಂದ ಒಬ್ಬ. ರೋಗಿ ಇದನ್ನು ನೋಡಿದರೆ ಅರ್ಧ ಕಾಯಿಲೆ ವಾಸಿ, ನಗುತ್ತಾನಲ್ಲ, ಎಂದ ಇನ್ನೊಬ್ಬ. ಡಾಕ್ಟರು ಬೇಜಾರು ಮಾಡಿಕೊಳ್ಳುವವರಲ್ಲ. ಹಿಂದಿನ ಸೀಟಿನಲ್ಲಿ ಬಸುರಿಯನ್ನು ಮಲಗಿಸಿ ಆಸ್ಪತ್ರೆಗೆ ಕರೆದೊಯ್ದೆ, ದಾರಿಯುದ್ದಕ್ಕೂ ನಿದ್ದೆ ಮಾಡಿದಳು, ನಿಮ್ಮ ಚೂಪು ಮೂಗಿನಲ್ಲಿ ಕರೆದೊಯ್ದಿದ್ದರೆ ಅರ್ಧದಾರಿಯಲ್ಲೇ ಹೆರುತ್ತಿದ್ದಳು ಅಂದರು.

ಬ್ರೋಂಕಾ ತಟ್ಟೆಗಳ ಅಟ್ಟಿ ಹಿಡಿದುಕೊಂಡು ಬೇಲಿಯ ಈಚೆ ನಿಂತಿದ್ದಳು. ಬಿಸಿಲು ಎಡದೀಪದ ಕೆಳಗೆ ಜಾರಿ ಬರುತ್ತಿತ್ತು. ಜಾರುತ್ತ ಬಂದ ಬೆಳಕು ಒಂದು ಜಾಗದಲ್ಲಿ ಎಡವಿದ ಹಾಗೆ ಮುರಿದು ಮುಂದೆ ಹೋಗುತ್ತಿತ್ತು. ಬೇರೆಯವರಿಗೆ ಕಾಣುವಂಥದ್ದಲ್ಲ.

ಲುದ್ವಿಕ್ ಮೂರನೆಯ ಲೋಟದಲ್ಲಿದ್ದ. ಕುತ್ತಿಗೆಗೆ ಸಿಕ್ಕಿಸಿಕೊಂಡಿದ್ದ ಕರವಸ್ತ್ರ ಕಿತ್ತು ದೀಪದ ಕೆಳಗೆ ಹೊದಿಸಿದ.

"ಬನ್ರಪ್ಪ, ನೀವೇ ಮಾಡಿದ್ದು ತಾನೆ. ಇದರಲ್ಲಿ ಕುಂದು ಇದ್ರೆ ತೋರ್ಸಿ. ಹಲಗೆ ಪರೀಕ್ಷೆ ಇವತ್ತೇ ಮುಗ್ದೋಗ್ಲಿ."

ನಗು ಎದ್ದಿತು. ಒಬ್ಬೊಬ್ಬರಾಗಿ ಮುಂದೆ ಬಂದು ಕೈಯಾಡಿಸಿದರು. ಒಬ್ಬನ ಕೈ ಆ ಜಾಗದಲ್ಲಿ ಅರೆಕ್ಷಣ ತಡೆದದ್ದನ್ನು ಬ್ರೋಂಕಾ ಕಂಡಳು. ಆದರೆ ಅವನು ಮುಖ ಎತ್ತಿ ಲುದ್ವಿಕ್‌ನನ್ನು ನೋಡಿ, ಬೆಣ್ಣೆ ಇದ್ದ ಹಾಗಿದೆ ಪಾನ್ ಲುದ್ವಿಕ್ ಅಂದ. ಮೇಸ್ತ್ರಿಯ ಹಬ್ಬದ ದಿನ ಅವನ ಅಂಗಳದಲ್ಲಿ ನಿಂತು ಅವನ ವಿಭಾಗದ ಕೆಲಸದಲ್ಲಿ ಕುಂದು ಹುಡುಕುವುದುಂಟೆ. ಎರಡನೆಯವನೂ ಬೆಣ್ಣೆ ಅಂದ. ಮೂರನೆಯವನು ರೇಷ್ಮೆ ಅಂದ. ಹೊಗಳುತ್ತಿದ್ದ ಹಾಗೆಲ್ಲ ಲುದ್ವಿಕ್‌ನ ನಗು ಸಣ್ಣದಾಗುತ್ತ ಹೋದದ್ದನ್ನು ಅವರಲ್ಲಿ ಯಾರೂ ಗಮನಿಸಲಿಲ್ಲ. ಅಲ್ಲಿ ಏನಿದೆಯೆಂದು ಅವನಿಗೆ ಗೊತ್ತಿತ್ತು.

ಝೆನೋನ್‌ನ ಸರದಿ ಬಂತು. ಅವನ ಕೈ ಮೇಲಿನಿಂದ ಇಳಿಯಿತು. ಬ್ರೋಂಕಾಗೆ ಸುತ್ತಲ ಮಾತು ಕೇಳಿಸದೆ ಹೋಯಿತು. ಬೇಡ ಅಂದಿದ್ದಾನೆ. ಅಂದಿದ್ದರೇನು, ಪೆಟ್ಟಿಗೆ ಹೊತ್ತು ಬೀದಿಯಲ್ಲಿ ವಾಪಸು ನಡೆಯುವುದನ್ನು ಕಿಟಕಿಯಿಂದ ನೋಡಬೇಕಾದವಳು ನಾನು. ಕೈ ಇನ್ನೂ ಇಳಿಯಿತು. ಕಿರುಬೆರಳ ಕೆಳಗೆ ಆ ಜಾಗ ಬಂತು.

ಅವಳು ಕೆಮ್ಮಿದಳು.

ಝೆನೋನ್‌ನ ಕೈ ನಿಂತಿತು. ಅವನ ಬೆನ್ನು ನೆಟ್ಟಗಾಯಿತು. ಆಮೇಲೆ ಕೈ ಮೆಲ್ಲಗೆ, ಬೇಕೆಂದೇ, ಆ ಜಾಗ ದಾಟಿ ಅಂಚಿನವರೆಗೂ ಹೋಯಿತು.

"ನನಗೇನೂ ಸಿಗಲಿಲ್ಲ ಪಾನ್ ಲುದ್ವಿಕ್," ಅಂದ. ಬೆಣ್ಣೆ ಅನ್ನಲಿಲ್ಲ, ರೇಷ್ಮೆ ಅನ್ನಲಿಲ್ಲ.

ಬ್ರೋಂಕಾ ತಟ್ಟೆಗಳನ್ನು ಬೇಲಿಯ ಮರದ ಮೇಲಿಟ್ಟದ್ದು, ಗಂಡಸರ ನಡುವೆ ನುಗ್ಗಿದ್ದು ಅವಳಿಗೇ ಆಮೇಲೆ ಸರಿಯಾಗಿ ನೆನಪಿರಲಿಲ್ಲ. ಅಂಗೈ ಕರವಸ್ತ್ರದ ಮೇಲೆ ಕೂತದ್ದು ಮಾತ್ರ ನೆನಪಿತ್ತು. ಮರದಲ್ಲಿ ಕಂಡಿದ್ದ ತಿರುವೇ ಈಗ ತಗಡಿನಲ್ಲಿ, ಬಿಸಿಲಿಗೆ ಮೈ ಬೆಚ್ಚಗಾಗಿ, ಕೈಗೆ ಒದಗಿ ಬಂತು. ಅದನ್ನು ಅವಳ ಕೈ ಗುರುತು ಹಿಡಿಯಿತು.

"ಇಲ್ಲಿದೆ," ಅಂದಳು.

ಲೋಟಗಳು ಬಾಯಿಂದ ಕೆಳಗಿಳಿದವು. ಆಮೇಲೆ ಯಾರೋ, ಹೆಂಗಸಿನ ಕೈ, ಕಡುಬಿನೊಳಗಿನ ಗಂಟನ್ನೂ ಬಿಡೋದಿಲ್ಲ ಅಂದ. ಎಲ್ಲರೂ ನಕ್ಕರು. ಲುದ್ವಿಕ್ ಎಲ್ಲರಿಗಿಂತ ಜೋರಾಗಿ ನಕ್ಕು, ಝೆನೋನ್, ಸೋಮವಾರ ನೀನು ಮನೇಲಿ ಆಲೂಗಡ್ಡೆ ಸುಲಿ, ಇವಳನ್ನ ಕಳಿಸು ಎಂದ. ಅದು ತಮಾಷೆಯೇ ಆಗಿ ಮುಗಿಯಿತು. ಝೆನೋನ್ ಕೂಡ ತುಟಿ ಅರಳಿಸಿದ. ಆದರೆ ಲುದ್ವಿಕ್‌ನ ಕಣ್ಣು ಅವಳ ಕೈಯನ್ನು ಬಿಟ್ಟಿರಲಿಲ್ಲ.

ಅವಳು ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಾಗ ಅವನು ಒಳಗೆ ಬಂದ. ನೀರು ಕುಡಿಯುವ ನೆಪವಿತ್ತು.

"ಮಹಾಗನಿ ಮರದ ಎಳೆಯೊಳಗೆ ಹಿಟ್ಟು ಕೂತಿರ್ತಿತ್ತು ಪಾನಿ ಬ್ರೋಂಕಾ," ಅಂದ, ಮನೆಯ ಯಜಮಾನಿತಿಯನ್ನು ಕರೆಯುವ ಗೌರವದಲ್ಲಿ. "ಸೋಮವಾರ ಸೋಮವಾರ. ಕಾರ್ಖಾನೇಲಿ ಯಾರೂ ರೊಟ್ಟಿ ಮಾಡಲ್ಲ."

ಅವಳ ಕೈ ನೀರಿನೊಳಗೇ ನಿಂತಿತು. ಅವನು ಸಿಟ್ಟಾಗಿರಲಿಲ್ಲ. ದನಿ ತಗ್ಗಿಸಿ, ಝೆನೋನ್‌ನ ಕೈ ಸತ್ತಿದೆಯೆಂದು ತನಗೆ ಹಿಂದಿನ ಚಳಿಗಾಲದಲ್ಲೇ ಗೊತ್ತಾಗಿತ್ತು, ಮರ ಸರಿಯಾಗಿ ವಾಪಸು ಬರುವವರೆಗೆ ತನಗೇಕೆ ಎಂದು ಸುಮ್ಮನಿದ್ದೆ ಅಂದ. ಎಡಗಡೆಯ ಗೂಡು ಮಾತ್ರ ಹೇಗೆ ತಪ್ಪಿತೋ ಕಾಣೆ, ಅಚ್ಚು ಎರಕವಾದ ಮೇಲೆ ತಿಳಿಯಿತು, ಆಗ ಬಾಯಿ ಮುಚ್ಚಿಕೊಂಡೆ ಅಂದ. ಹೇಗೆ ತಪ್ಪಿತೆಂದು ಅವಳು ಹೇಳಲಿಲ್ಲ. ಮುಂದಿನದು ಸುಲಭ ಎಂಬಂತೆ ಅವನು ಮಾತು ಮುಂದುವರಿಸಿದ. ಝೆನೋನ್ ಹಲಗೆಯ ಹತ್ತಿರ ಬರುವುದೇ ಬೇಡ, ಅವನ ಜಾಗ ಅವನಿಗೆ. ಹೊಸ ಮೂಗಿನ ತುಂಡುಗಳು ಶನಿವಾರ ಶನಿವಾರ ಮೊದಲಿನ ಹಾಗೇ ನಿಮ್ಮ ಮನೆಗೆ ಬರಲಿ. ಯಾರಿಗೂ ಹೇಳುವುದು ಬೇಡ.

ಅವಳು ಬಯಸಿದ್ದು ಇದೇ ತಾನೆ. ಪೆಟ್ಟಿಗೆ ವಾಪಸು ಬರುವುದಿಲ್ಲ. ಕೈಗೆ ಮರ ಸಿಗುತ್ತದೆ. ಹಾಗಿದ್ದರೂ ಒಳಗೆ ಓಡಾಡುವುದು ಕೂರಲಿಲ್ಲ, ಇನ್ನೂ ಜೋರಾಗಿ ಓಡಾಡತೊಡಗಿತು.

"ನಾನೇ ಬಂದು ಮುಟ್ತೀನಿ," ಅಂದಳು. "ಅಲ್ಲೇ. ಪೂರ್ತಿ ಕಾರು ಇರೋ ಕಡೆ. ಚೂರು ಚೂರು ಮುಟ್ಟಿದ್ರೆ ಒಂದು ಚೂರು ಇನ್ನೊಂದಕ್ಕೆ ಹೇಗೆ ಹೋಗುತ್ತೆ ಅಂತ ಗೊತ್ತಾಗಲ್ಲ."

ಲುದ್ವಿಕ್‌ಗೆ ಮೊದಲು ಅರ್ಥವಾಗಲಿಲ್ಲ. ಆದಾಗ ನಿಜವಾಗಿಯೂ ಮರುಕದಿಂದಲೇ ತಲೆಯಾಡಿಸಿದ. ಮರಗೆಲಸದ ವಿಭಾಗಕ್ಕೆ ಇದುವರೆಗೆ ಹೆಂಗಸು ಕಾಲಿಟ್ಟಿಲ್ಲ, ಕಾಲಿಟ್ಟರೆ ಅಷ್ಟೂ ಜನ ಉಳಿ ಕೆಳಗಿಟ್ಟು ಎದ್ದು ಹೋಗುತ್ತಾರೆ ಅಂದ. ಸಿಕ್ಕಿದ್ದನ್ನು ಬಿಡಬೇಡಮ್ಮ ಎಂದು ಲೋಟವನ್ನು ಅವಳು ತೊಳೆಯುತ್ತಿದ್ದ ನೀರಿಗೇ ಹಾಕಿ ಹೊರಟುಹೋದ.

ಮನೆಗೆ ನಡೆಯುವಾಗ ರೋಜಾಲಿಯಾ ಮುಂದೆ ಯಾರೊಡನೆಯೋ ಹರಟುತ್ತ ಹೋಗುತ್ತಿದ್ದಳು. ಗಂಡಹೆಂಡತಿ ಹಿಂದುಳಿದರು. ಲುದ್ವಿಕ್ ಹೇಳಿದ್ದನ್ನು ಅವಳು ಹೇಳಿದಳು. ತಾನು ಕೇಳಿದ್ದನ್ನೂ ಹೇಳಿದಳು. ಝೆನೋನ್ ಎರಡು ಕೈಗಳನ್ನೂ ಜೇಬಿನಲ್ಲಿಟ್ಟುಕೊಂಡು ನಡೆಯುತ್ತಿದ್ದ.

"ಯಾಕೆ ದಾಟಿಸ್ದೆ?" ಅವಳು ಕೇಳಿದಳು. "ನಾನು ಕೆಮ್ಮಿದ್ದು ಕೇಳಿಸ್ತು ತಾನೆ?"

"ಕೇಳಿಸ್ತು."

"ಮತ್ತೆ?"

"ಕೆಮ್ಮು ಕೇಳಿ ಕೈ ನಿಲ್ಸೋನು ಬಡಗಿ ಅಲ್ಲ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದ: "ಅವತ್ತು ನೀನು ಹೇಳ್ದಾಗಲೂ ನನಗೆ ಏನೂ ಸಿಕ್ಕಿರಲಿಲ್ಲ ಬ್ರೋಂಕಾ. ಸಿಗಲಿಲ್ಲ ಅನ್ನೋಕೆ ಆಗಲಿಲ್ಲ. ಇಲ್ಲ ಅಂದೆ."

ಎರಡು ಮಾತಿನ ನಡುವೆ ಎಷ್ಟು ದೂರವಿದೆಯೆಂದು ಅವಳಿಗೆ ಅರ್ಥವಾಯಿತು. ಒಂದು ಇಡೀ ಬೇಸಿಗೆ ಅವಳು ಅಷ್ಟೂ ದೂರವನ್ನು ಒಬ್ಬಳೇ ನಡೆದಿದ್ದಳು. ಅವಳು ಅವನ ಜೇಬಿನೊಳಗೆ ಕೈ ತೂರಿಸಿದಳು. ಅವನಿಗೆ ಅದು ತಿಳಿಯಿತೋ ಇಲ್ಲವೋ, ಕೈ ಹೊರಗೆ ತೆಗೆಯಲಿಲ್ಲ.

ಬಾಗಿಲು ಮತ್ತೆ ತೆರೆಯುವುದಕ್ಕೆ ಮುಂಚಿನ ಶನಿವಾರ ಲುದ್ವಿಕ್ ಕಳಿಸಿದ ಹೊಸ ಮೂಗಿನ ತುಂಡು ಬಂತು. ಈ ಸಲ ರೋಜಾಲಿಯಾ ಮನೆಯಲ್ಲೇ ಇದ್ದಳು. ಏನೋ ಇದು, ಯಾರ ಮೂಗೋ ಎಂದವಳು ತಮ್ಮನ ಮುಖ ನೋಡಿ ಬಾಯಿ ಮುಚ್ಚಿಕೊಂಡು ಒಲೆಯ ಕಡೆ ಹೋದಳು. ಝೆನೋನ್ ಅದನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದು ನಿಂತ. ನಿನ್ನಿಷ್ಟ ಅಂದ. ಇಟ್ಟುಕೊಂಡರೆ ಅವನಿಗೆ ಹಳೆಯ ಬೆಂಚು, ವಾಪಸು ಒಯ್ದರೆ ಅಂಟು ಕಾಯಿಸಿ ಹಲಗೆ ಜೋಡಿಸುವ ಕೂಲಿಯ ಬೆಂಚು. ಕಲಿಯಲು ಬಂದವರನ್ನು ಕೂರಿಸುವ ಜಾಗ. ಅದಕ್ಕೆ ಅಂಗೈ ಬೇಕಿಲ್ಲ.

ಬ್ರೋಂಕಾ ಹಿಟ್ಟಿನ ಚೀಲದ ಬಟ್ಟೆ ಹಾಸಿದಳು. ಕಣ್ಣು ಮುಚ್ಚಿದಳು. ಕೈಗೆ ನಾಚಿಕೆಯೇ ಇಲ್ಲ. ಹಸಿದಿದ್ದ ಅದು ಮರ ಸಿಕ್ಕ ಕೂಡಲೇ ಓಡಿತು. ಏಣು ಚೂಪಾಗಿತ್ತು. ಗಾಳಿಗಾಗಿ ಮಾಡಿದ್ದಲ್ಲ, ನಗುವ ಜನರ ಬಾಯಿ ಮುಚ್ಚಿಸಲು ಮಾಡಿದ್ದು ಎಂದು ಕೈಗೆ ತಿಳಿಯುತ್ತಿತ್ತು. ಹಾಗಿದ್ದರೂ ಅದು ತನ್ನ ಪಾಡಿಗೆ ಉಬ್ಬುಗಳನ್ನು ಹುಡುಕಿತು. ಇಲ್ಲೊಂದು, ಪಕ್ಕದಲ್ಲೇ ಇನ್ನೊಂದು. ಇಲ್ಲಿ ಅನ್ನುವ ಮಾತು ನಾಲಗೆಯ ತುದಿಗೆ ಬಂತು. ಝೆನೋನ್ ಸೀಮೆಸುಣ್ಣ ಹಿಡಿದು ಕಾಯುತ್ತಿದ್ದ. ಹೇಳಿದರೆ ಇದು ಮುಗಿಯುವುದಿಲ್ಲ. ಭಾನುವಾರದಿಂದ ಭಾನುವಾರಕ್ಕೆ, ಈ ಮೂಗಿನಿಂದ ಇನ್ನೊಂದು ಮೂಗಿಗೆ, ಈ ಅಡುಗೆಮನೆಯಲ್ಲಿ ಕಣ್ಣು ಮುಚ್ಚಿಕೊಂಡೇ ತಾನು ಮುದುಕಿಯಾಗುತ್ತೇನೆ. ಯಾವತ್ತೋ ಒಂದು ದಿನ ಮತ್ತೆ, ಬಡಗಿ ಯಾರು ಇಲ್ಲಿ ಅನ್ನುವ ಮಾತು ಬರುತ್ತದೆ. ಝೆನೋನ್ ಅನ್ನದಿದ್ದರೆ ಬೇರೆ ಯಾರಾದರೂ ಅನ್ನುತ್ತಾರೆ.

ಅವಳು ಬಟ್ಟೆ ಎಳೆದುಕೊಂಡಳು.

"ವಾಪಸ್ ತಗೊಂಡು ಹೋಗು. ನನ್ನ ಕೈ ಬೇಕಿದ್ರೆ ನನ್ನನ್ನ ಕರೀಲಿ ಅಂತ ಹೇಳು."

"ಕರೆಯಲ್ಲ."

"ಗೊತ್ತು."

ಝೆನೋನ್ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟ. ಒಲೆಯ ಹತ್ತಿರ ರೋಜಾಲಿಯಾ ಸೌಟು ಹಿಡಿದುಕೊಂಡು ಇಬ್ಬರನ್ನೂ ನೋಡುತ್ತಿದ್ದಳು. ಹುಚ್ಚು ಹಿಡಿದಿದೆ ನಿಮಗೆ ಎಂದು ಸಾರು ಕಲಕಲು ತಿರುಗಿದಳು. ಸೋಮವಾರ ಅವನು ಮರವನ್ನು ಕೋಟಿನೊಳಗೆ ಅಡಗಿಸದೆ ತೋಳಿನ ಮೇಲೇ ಹೊತ್ತುಕೊಂಡು ಹೋದ. ಕೈ ಸತ್ತಿದೆ ಪಾನ್ ಲುದ್ವಿಕ್ ಎಂದು ಎಲ್ಲರೆದುರು ಹೇಳಿದನಂತೆ. ಹಲಗೆಯ ಹತ್ತಿರ ಕರೆಯುವ ಮೊದಲೇ ಅಂಟಿನ ಬೆಂಚಿಗೆ ಹೋಗಿ ಕೂತನಂತೆ. ಪೆಟ್ಟಿಗೆ ಮಾತ್ರ ಮನೆಗೆ ಬಂತು. ಆ ಬೆಂಚಿಗೆ ಉಳಿ, ಕೀಸುಳಿ ಬೇಕಿರಲಿಲ್ಲ. ಅವನು ಅದನ್ನು ಹೊತ್ತು ಬೀದಿಯಲ್ಲಿ ಬರುವಾಗ ಬ್ರೋಂಕಾ ಕಿಟಕಿಯಲ್ಲಿ ನಿಲ್ಲಲಿಲ್ಲ. ಬೀದಿಗೇ ಇಳಿದು ಒಂದು ಹಿಡಿಯನ್ನು ತಾನು ಹಿಡಿದುಕೊಂಡಳು.

ಚೂಪು ಮೂಗಿನ ಕಾರು ಬರಲು ಇನ್ನೂ ತಿಂಗಳುಗಳಿದ್ದವು. ಅಕ್ಟೋಬರಿನ ಒಂದು ಬೆಳಿಗ್ಗೆ ಪೇಟೆಗೆ ಹೊರಟ ಬ್ರೋಂಕಾ ಡಾಕ್ಟರ್ ಮ್ರೋಚೆಕ್ ಅವರ ದವಾಖಾನೆಯ ಮುಂದೆ ನೀಲಿ ಕಾರು ಒಂಟಿಯಾಗಿ ನಿಂತಿದ್ದುದನ್ನು ಕಂಡಳು. ಮುಂದೆ ಹೋದಳು, ನಿಂತಳು, ತಿರುಗಿ ಬಂದಳು. ಬುಟ್ಟಿಗೆ ಮುಚ್ಚಿದ್ದ ಬಟ್ಟೆ ತೆಗೆದು ಎಡದೀಪದ ಕೆಳಗೆ ಹಾಸಿ ಕೈಯಿಟ್ಟಳು.

ಡಾಕ್ಟರು ಬಾಗಿಲಿಗೆ ಬಂದರು. "ಧೂಳು ಒರೆಸ್ತಿದೀರಾ ಪಾನಿ?"

"ಇಲ್ಲ ಡಾಕ್ಟರೇ. ಇಲ್ಲೊಂದು ಉಬ್ಬಿದೆ. ನಿಮ್ಮ ಕಾರಲ್ಲಷ್ಟೇ ಅಲ್ಲ, ಇಂಥ ಎಲ್ಲಾ ಕಾರಲ್ಲೂ."

"ಅದು ನಿಮಗೆ ಹೇಗೆ ಗೊತ್ತು?"

"ಮರ ಆಗಿದ್ದಾಗಲೇ ಹೇಳಿದ್ದೆ," ಅಂದಳು. "ನಾನು."

ಹಾಗೆ ಹೇಳಿ ಅವಳೇ ಬೆಚ್ಚಿದಳು. ಡಾಕ್ಟರು ನಗಲಿಲ್ಲ. ದಿನಬೆಳಗಾದರೆ ಜನರ ಹೊಟ್ಟೆಯ ಮೇಲೆ ಕೈಯಿಟ್ಟು, ಇಲ್ಲಿ ನೋವಾ, ಇಲ್ಲಿ ನೋವಾ ಎಂದು ಕೇಳುವವರು ಅವರು. ಮೆಟ್ಟಿಲಿಳಿದು ಬಂದು, ಅವಳು ಕೈ ತೆಗೆದ ಬಟ್ಟೆಯ ಮೇಲೆ ತಮ್ಮ ಕೈಯಿಟ್ಟು, ಕಾಯಿಲೆಯವರ ಮೈ ಮುಟ್ಟಿ ನೋಡುವ ಹಾಗೆ ತಲೆ ಒಂದು ಕಡೆ ಓರೆ ಮಾಡಿ, ಮೆಲ್ಲಗೆ ಸರಿಸಿದರು. ಹೋಗುತ್ತಿದ್ದ ಕೈ ನಿಂತಿತು. ಹಿಂದೆ ಬಂದು ಮತ್ತೆ ಅಲ್ಲೇ ನಿಂತಿತು.

"ಇದೆ," ಅಂದರು.

ಬ್ರೋಂಕಾ ಬಟ್ಟೆ ಕೊಡವಿದಳು. ಬುಟ್ಟಿ ನೆಲದ ಮೇಲಿತ್ತು. ಅದನ್ನು ಅಲ್ಲೇ ಬಿಟ್ಟು ಅವಳು ಕಾರಿನ ಮುಂದಿನಿಂದ ಸುತ್ತಿ ಆಚೆ ಕಡೆಯ ದೀಪಕ್ಕೆ ಹೋದಳು. ಆಮೇಲೆ ಅಲ್ಲಿಂದ ಬಾಗಿಲಿಗೆ, ಬಾಗಿಲಿನಿಂದ ಹಿಂದಿನ ಇಳಿಜಾರಿಗೆ, ಎಲ್ಲೂ ಕೈ ಎತ್ತದೆ.